ಉಮೇದುವಾರರ ವಾಗ್ವಾದವೂ ಬೊಕ್ಕಸದ ಲೆಕ್ಕವೂ



ಶಾಲೆಯ ಚರ್ಚಾಕೂಟದಲ್ಲಿ ಮಾತನಾಡಲು ನಿಲ್ಲುವ ಬಾಲಿಕೆಗೆ ಮೂರು ಗುಣಗಳು ಬೇಕೆಂದು ನಾವು ಹೇಳುವುದುಂಟು: ಸ್ಪಷ್ಟವಾದ ಉಚ್ಚಾರ, ಕ್ರಮವಾದ ಯೋಚನೆ, ಎದುರಾಳಿಯ ಮಾತನ್ನು ತಾಳ್ಮೆಯಿಂದ ಕೇಳುವ ವಿನಯ. ಈ ಮೂರೂ ಉಳ್ಳವಳಿಗೆ ಬಹುಮಾನವು ದೊರೆಯುವುದು. ಗಂಟೆ ಹೊಡೆದ ಮೇಲೆ ಗೆದ್ದವಳೂ ಸೋತವಳೂ ಒಂದೇ ಮರದ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚುವರು. ಅಲ್ಲಿ ಆಡಿದ ಮಾತಿಗಾಗಿ ಯಾರೂ ಹಣ ತೆರಬೇಕಾದುದಿಲ್ಲ. ಆದರೆ ದೇಶವನ್ನಾಳಲು ಬಯಸುವವರು ಸಭೆಯಲ್ಲಿ ನಿಂತು ತೆರಿಗೆ, ಸಾಲ, ಬೆಲೆ, ಕೂಲಿ ಎಂಬ ವಿಷಯಗಳನ್ನು ಕುರಿತು ವಾದಿಸುವಾಗ, ಆ ಮಾತಿನ ಬೆಲೆಯನ್ನು ಕೇಳಿದವರೂ ಕೇಳದವರೂ, ಇನ್ನೂ ತೊಟ್ಟಿಲಲ್ಲಿರುವ ಮಕ್ಕಳೂ ಕೂಡಿಯೇ ತೆರುವರು. ಆದುದರಿಂದ ಇಂಥ ವಾಗ್ವಾದವನ್ನು ಕೇಳುವ ವಿದ್ಯೆಯು, ವಾಗ್ವಾದ ಮಾಡುವ ವಿದ್ಯೆಗಿಂತ ಕಡಿಮೆಯಾದುದಲ್ಲ. ನಿಮ್ಮಲ್ಲಿ ಪ್ರತಿಯೊಬ್ಬಳೂ ಹದಿನೆಂಟು ವರ್ಷ ತುಂಬಿದ ಮೇಲೆ ಮತ ಹಾಕತಕ್ಕವಳು. ಆ ವಿದ್ಯೆಯನ್ನು ಈಗಲೇ ಕಲಿಯುವುದು ಒಳ್ಳೆಯದು.

ಇದಕ್ಕೆ ದೃಷ್ಟಾಂತವಾಗಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೮೦ರಿಂದ ೧೯೯೨ರ ವರೆಗೆ ನಡೆದ ಒಂದು ವಾದವನ್ನು ಆರಿಸಿಕೊಂಡಿದ್ದೇನೆ. ಆ ವಾದವು ಆರಂಭವಾದುದೂ, ತಿರುಗಿದುದೂ, ಕೊನೆಗಂಡುದೂ ಹೆಚ್ಚಾಗಿ ಅಧ್ಯಕ್ಷಪದವಿಯ ಉಮೇದುವಾರರನ್ನು ಆರಿಸುವ ಪ್ರಾಥಮಿಕ ಚುನಾವಣೆಗಳ ಕಾಲದಲ್ಲಿಯೇ. ಅದು ಹಳೆಯದಾದುದರಿಂದ ನಮಗೊಂದು ಅನುಕೂಲವಿದೆ. ಆಡಿದ ಮಾತಿನ ಪಕ್ಕದಲ್ಲಿ ನಡೆದ ಲೆಕ್ಕವನ್ನು ಇಟ್ಟು ನೋಡಬಹುದು.

೧. ಪ್ರಾಥಮಿಕ ಚುನಾವಣೆ ಎಂದರೇನು?

ನಮ್ಮಲ್ಲಿ ಒಂದು ಪಕ್ಷದ ಉಮೇದುವಾರನನ್ನು ಆ ಪಕ್ಷದ ಮುಖಂಡರು ಗೊತ್ತುಮಾಡುವರು. ಅಮೆರಿಕದಲ್ಲಾದರೋ ಆ ಆಯ್ಕೆಯಲ್ಲಿ ಸಾಮಾನ್ಯ ಮತದಾರರಿಗೂ ಪಾಲುಂಟು. ಅಧ್ಯಕ್ಷರ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ನಡೆಯುವುದು. ಆ ವರ್ಷದ ಆರಂಭದಿಂದ ಬೇಸಗೆಯ ವರೆಗೆ ಒಂದೊಂದು ಸಂಸ್ಥಾನದಲ್ಲಿಯೂ, ರಿಪಬ್ಲಿಕನ್ ಪಕ್ಷಕ್ಕೆ ಯಾರು, ಡೆಮೊಕ್ರಾಟಿಕ್ ಪಕ್ಷಕ್ಕೆ ಯಾರು ಎಂಬುದನ್ನು ಜನರು ಮತ ಹಾಕಿ ತಿಳಿಸುವರು. ಇದಕ್ಕೆ ಪ್ರಾಥಮಿಕ ಚುನಾವಣೆ ಎಂದು ಹೆಸರು. ಕೆಲವು ಸಂಸ್ಥಾನಗಳಲ್ಲಿ ಮತಪತ್ರಗಳಿಗೆ ಬದಲಾಗಿ ಊರೂರಿನ ಪಕ್ಷದ ಸಭೆಗಳು ಈ ಕೆಲಸವನ್ನು ಮಾಡುವುವು. ಹೀಗೆ ಆರಿಸಲ್ಪಟ್ಟ ಪ್ರತಿನಿಧಿಗಳು ಬೇಸಗೆಯಲ್ಲಿ ಪಕ್ಷದ ಮಹಾಸಭೆಗೆ ನೆರೆದು ಉಮೇದುವಾರನನ್ನು ಘೋಷಿಸುವರು.

೧೯೮೦ರಲ್ಲಿ ಸಂಸ್ಥಾನಗಳ ಪೈಕಿ ಐಯೊವಾದ ಸಭೆಗಳೂ, ನ್ಯೂ ಹ್ಯಾಂಪ್‌ಷೈರಿನ ಮತದಾನವೂ ಎಲ್ಲಕ್ಕಿಂತ ಮೊದಲು ನಡೆಯುತ್ತಿದ್ದುವು. ಇವು ಸಣ್ಣ ಸಂಸ್ಥಾನಗಳಾದರೂ ದೇಶದ ಕಣ್ಣೆಲ್ಲ ಇವುಗಳ ಮೇಲೆ ಇರುತ್ತಿತ್ತು. ಅಲ್ಲಿ ಸೋತವನಿಗೆ ಹಣ ಕೊಡುವವರೂ ಕೈಬಿಡುವರು. ಗೆದ್ದವನ ಹೆಸರು ಮನೆಮನೆಗೂ ಮುಟ್ಟುವುದು. ಒಂದೇ ಪಕ್ಷದ ಐದಾರು ಜನರು ಒಂದೇ ವೇದಿಕೆಯ ಮೇಲೆ ನಿಂತು ವಾದಿಸಬೇಕಾಗಿ ಬರುವುದೂ ಈ ಕಾಲದಲ್ಲಿಯೇ. ಇವರಲ್ಲಿ ಮೂಲತತ್ತ್ವದ ಭೇದವು ಕಡಿಮೆ. ಆದುದರಿಂದ ಭೇದವನ್ನು ತೋರಿಸಲು ಒಬ್ಬೊಬ್ಬನೂ ಮತ್ತೊಬ್ಬನಿಗಿಂತ ಹೆಚ್ಚಾದ ವಾಗ್ದಾನವನ್ನು ಮಾಡುವ ಆಸೆಗೆ ಒಳಗಾಗುವನು. ಈ ಸಂಗತಿಯನ್ನು ಮನಸ್ಸಿನಲ್ಲಿಡಬೇಕು.

೨. ೧೯೮೦ರ ಕಷ್ಟಕಾಲ

ಆಗ ಜಿಮ್ಮಿ ಕಾರ್ಟರ್‌ರವರು ಅಧ್ಯಕ್ಷರಾಗಿದ್ದರು. ೧೯೭೯ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಎಣ್ಣೆಯ ಬೆಲೆ ಮಿತಿಮೀರಿ ಏರಿತ್ತು. ಪೆಟ್ರೋಲಿಗಾಗಿ ಮೋಟಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದುವು. ೧೯೮೦ರಲ್ಲಿ ಸಾಮಾನುಗಳ ಬೆಲೆಗಳು ಹಿಂದಿನ ವರ್ಷಕ್ಕಿಂತ ಶೇಕಡ ೧೩ಕ್ಕೂ ಮಿಕ್ಕಿ ಏರಿದುವು. ಫೆಡರಲ್ ರಿಸರ್ವ್ ಎಂಬ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾದ ಪಾಲ್ ವೋಲ್ಕರ್‌ರವರು ಹಣದ ಹರಿವನ್ನು ಬಿಗಿಹಿಡಿದುದರಿಂದ ಬಡ್ಡಿಯೂ ಏರಿತು. ಆ ವರ್ಷದ ಡಿಸೆಂಬರಿನಲ್ಲಿ ಬ್ಯಾಂಕುಗಳು ತಮ್ಮ ಅತ್ಯುತ್ತಮ ಗಿರಾಕಿಗಳಿಗೂ ಶೇಕಡ ೨೧.೫ರ ಬಡ್ಡಿ ಹಾಕುವಂತಾಯಿತು.

ಇದರ ಜೊತೆಗೆ ಮತ್ತೊಂದು ಸೂಕ್ಷ್ಮವಾದ ತೊಂದರೆಯಿತ್ತು. ವರಮಾನ ತೆರಿಗೆಯಲ್ಲಿ ಮೆಟ್ಟಿಲುಗಳಿರುವುದು ನಿಮಗೆ ತಿಳಿದಿದೆ. ಆದಾಯ ಹೆಚ್ಚಿದಂತೆ ಮೇಲಿನ ಭಾಗಕ್ಕೆ ದರವೂ ಹೆಚ್ಚುವುದು. ಒಬ್ಬ ಕೆಲಸಗಾರನ ಕೂಲಿ ಬೆಲೆಗಳೊಡನೆ ಅಷ್ಟೇ ಪ್ರಮಾಣದಲ್ಲಿ ಏರಿತೆಂದು ಇಟ್ಟುಕೊಳ್ಳಿರಿ. ಅವನಿಗೆ ಹೆಚ್ಚಾಗಿ ಒಂದು ಸೇರು ಹಿಟ್ಟೂ ಬರಲಿಲ್ಲ. ಆದರೂ ತೆರಿಗೆಯ ಪುಸ್ತಕದಲ್ಲಿ ಅವನು ಒಂದು ಮೆಟ್ಟಿಲು ಮೇಲೇರಿದನು. ಹೆಚ್ಚು ದರದಲ್ಲಿ ತೆರಬೇಕಾಯಿತು. ಶಾಸನಸಭೆ ಯಾವ ಹೊಸ ತೆರಿಗೆಯನ್ನೂ ಹಾಕದೆಯೇ ತೆರಿಗೆ ಏರಿದಂತಾಯಿತು. ಅತ್ಯುನ್ನತ ಮೆಟ್ಟಿಲಿನ ದರವು ಆಗ ಶೇಕಡ ೭೦ ಇದ್ದಿತು. ಆದುದರಿಂದ ತೆರಿಗೆಯನ್ನು ಇಳಿಸಬೇಕೆಂಬ ಕೂಗು ಕೇವಲ ಧನಿಕರ ಕೂಗಾಗಿರಲಿಲ್ಲ. ಅದರಲ್ಲಿ ನ್ಯಾಯದ ಅಂಶವೂ ಇದ್ದಿತು.

೩. ಮೂರು ವಾಗ್ದಾನಗಳು, ಒಂದು ಬೊಕ್ಕಸ

ರಿಪಬ್ಲಿಕನ್ ಪಕ್ಷದಲ್ಲಿ ಆ ವರ್ಷ ಉಮೇದುವಾರರು ಹಲವರು. ಅವರಲ್ಲಿ ಮುಂದಾಗಿದ್ದವರು ಕ್ಯಾಲಿಫೋರ್ನಿಯದ ಮಾಜಿ ಗವರ್ನರಾದ ರೊನಾಲ್ಡ್ ರೇಗನ್‌ರವರು. ಪ್ರತಿನಿಧಿಸಭೆಯ ಜ್ಯಾಕ್ ಕೆಂಪ್, ಸೆನೆಟಿನ ವಿಲಿಯಂ ರೋತ್ ಎಂಬವರು ಸೂಚಿಸಿದ್ದ ಒಂದು ಯೋಜನೆಯನ್ನು ರೇಗನ್‌ರವರು ತಮ್ಮದನ್ನಾಗಿ ಮಾಡಿಕೊಂಡರು. ವರಮಾನ ತೆರಿಗೆಯ ದರಗಳನ್ನು ವರ್ಷಕ್ಕೆ ಶೇಕಡ ೧೦ರಂತೆ ಮೂರು ವರ್ಷ ಇಳಿಸುವುದೇ ಆ ಯೋಜನೆ. ಇದರೊಡನೆ ಸೈನ್ಯದ ವೆಚ್ಚವನ್ನು ಹೆಚ್ಚಿಸುವೆವೆಂದೂ, ಕೆಲವು ವರ್ಷಗಳಲ್ಲಿ ಆಯವ್ಯಯವನ್ನು ಸರಿದೂಗಿಸುವೆವೆಂದೂ ಅವರು ಹೇಳಿದರು.

ಈ ಮೂರೂ ಒಂದೇ ಕೈಯಿಂದ ಆಗುವುದೆಂತು? ಇದಕ್ಕೆ ಅವರ ಕಡೆಯ ಉತ್ತರವನ್ನು ನಾವು ನ್ಯಾಯವಾಗಿ ಕೇಳಬೇಕು. ಅರ್ಥಶಾಸ್ತ್ರಜ್ಞರಾದ ಆರ್ಥರ್ ಲ್ಯಾಫರ್‌ರವರು ಪ್ರಸಿದ್ಧಿಗೆ ತಂದ ವಾದವು ಹೀಗಿದೆ: ತೆರಿಗೆಯ ದರ ಸೊನ್ನೆಯಾದರೆ ಸರಕಾರಕ್ಕೆ ಏನೂ ಬರುವುದಿಲ್ಲ, ನೂರಕ್ಕೆ ನೂರಾದರೂ ಏನೂ ಬರುವುದಿಲ್ಲ, ಏಕೆಂದರೆ ದುಡಿದುದೆಲ್ಲವೂ ಹೋಗುವುದಾದರೆ ದುಡಿಯುವವರಾರು? ಆದುದರಿಂದ ದರವು ಮಿತಿಮೀರಿದ್ದಲ್ಲಿ ಅದನ್ನಿಳಿಸಿದರೆ ಜನರು ಹೆಚ್ಚು ದುಡಿದು, ಹೆಚ್ಚು ಉಳಿಸಿ, ಹೆಚ್ಚು ಕಾರ್ಖಾನೆಗಳನ್ನು ಕಟ್ಟುವರು. ದೇಶದ ಆದಾಯ ಬೆಳೆದು ಬೊಕ್ಕಸವೂ ತುಂಬುವುದು. ಇದಲ್ಲದೆ ಸರಕಾರದ ದುಂದುವೆಚ್ಚವನ್ನು ಕಡಿಯುವೆವೆಂದೂ ಅವರು ಹೇಳುತ್ತಿದ್ದರು. ಈ ವಾದದ ಮೊದಲ ಭಾಗದಲ್ಲಿ ತಪ್ಪಿಲ್ಲ. ಪ್ರಶ್ನೆಯೆಲ್ಲವೂ ಪ್ರಮಾಣದಲ್ಲಿದೆ.

ಪ್ರಮಾಣವನ್ನು ನಾವೇ ನೋಡಬಹುದು. ಇದಕ್ಕೆ ಎಂಟನೆಯ ತರಗತಿಯ ಗಣಿತ ಸಾಕು. ಒಂದು ಊರಿನ ಆದಾಯ ೧೦೦ ರೂಪಾಯಿ, ತೆರಿಗೆಯ ದರ ಶೇಕಡ ೫೦ ಎನ್ನೋಣ. ಬೊಕ್ಕಸಕ್ಕೆ ೫೦ ರೂಪಾಯಿ ಬರುವುದು. ದರವನ್ನು ಶೇಕಡ ೩೦ರಷ್ಟು ಇಳಿಸಿದರೆ ಅದು ೩೫ ಆಗುವುದು. ಈಗ ಅದೇ ೫೦ ರೂಪಾಯಿ ಬರಬೇಕಾದರೆ ಊರಿನ ಆದಾಯವು ೧೦೦ರಿಂದ ಸುಮಾರು ೧೪೩ಕ್ಕೆ ಏರಬೇಕು. ಮೂರು ವರ್ಷಗಳಲ್ಲಿ ಇಷ್ಟು ಬೆಳೆದ ಊರನ್ನು ಯಾರು ಕಂಡಿದ್ದಾರೆ? ಸ್ವಲ್ಪ ಬೆಳೆಯಬಹುದು, ಕಳೆದುಹೋದುದರಲ್ಲಿ ಒಂದು ಭಾಗ ಹಿಂದಿರುಗಬಹುದು, ಎಲ್ಲವೂ ಹಿಂದಿರುಗುವುದೆಂಬುದಕ್ಕೆ ಬಲವಾದ ಆಧಾರ ಬೇಕು. ಅದರ ಮೇಲೆ ಸೈನ್ಯಕ್ಕೆ ಹೆಚ್ಚು ವೆಚ್ಚವಾದರೆ ಬೆಳೆಯಬೇಕಾದುದು ಇನ್ನೂ ಹೆಚ್ಚು.

೧೯೮೦ರ ಜನವರಿ ೫ರಂದು ಐಯೊವಾದ ಡೆ ಮೊಯಿನ್ ಪಟ್ಟಣದಲ್ಲಿ ಆರು ಮಂದಿ ಉಮೇದುವಾರರು ವಾದಸಭೆಯಲ್ಲಿ ಕೂಡಿದರು, ರೇಗನ್‌ರವರು ಬರಲಿಲ್ಲ. ಅಲ್ಲಿ ಇಲಿನಾಯಿಯ ಪ್ರತಿನಿಧಿಯಾದ ಜಾನ್ ಆ್ಯಂಡರ್‌ಸನ್‌ರವರು, ಈ ಮೂರು ವಾಗ್ದಾನಗಳು ಒಟ್ಟಿಗೆ ನಿಲ್ಲಲಾರವೆಂದು ನೇರವಾಗಿ ಹೇಳಿದರು. ಅದು ಹೇಗೆ ಸಾಧ್ಯವೆಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರವು ಆ ಕಾಲದಲ್ಲಿ ಪ್ರಸಿದ್ಧವಾಯಿತು: ಕನ್ನಡಿಗಳನ್ನಿಟ್ಟು ಮಾಡಬಹುದು ಎಂದರು. ಇಂದ್ರಜಾಲದವನು ಕನ್ನಡಿಗಳನ್ನು ಮರೆಯಲ್ಲಿಟ್ಟು ಇಲ್ಲದ್ದನ್ನು ಇದ್ದಂತೆ ತೋರಿಸುವನಷ್ಟೆ. ಅದೇ ಈ ಮಾತಿನ ಭಾವ.

ಆ್ಯಂಡರ್‌ಸನ್‌ರವರು ಪರಿಹಾಸ್ಯ ಮಾಡಿ ಸುಮ್ಮನಾಗಲಿಲ್ಲ. ತಮ್ಮ ಲೆಕ್ಕವನ್ನೂ ಮುಂದಿಟ್ಟರು. ಪೆಟ್ರೋಲಿನ ಮೇಲೆ ಗ್ಯಾಲನಿಗೆ ೫೦ ಸೆಂಟುಗಳ ತೆರಿಗೆ ಹಾಕಿ ಅದರ ಬಳಕೆಯನ್ನು ತಗ್ಗಿಸಬೇಕೆಂದೂ, ಬಂದ ಹಣದಿಂದ ವೃದ್ಧಾಪ್ಯದ ಪಿಂಚಣಿಗಾಗಿ ಕೂಲಿಯಿಂದ ಮುರಿದುಕೊಳ್ಳುವ ತೆರಿಗೆಯನ್ನು ಇಳಿಸಬೇಕೆಂದೂ ಸೂಚಿಸಿದರು. ಈ ಯೋಜನೆ ಸರಿಯೋ ತಪ್ಪೋ ಬೇರೆ ಮಾತು. ಹಣ ಎಲ್ಲಿಂದ ಬರುವುದು, ಎಲ್ಲಿಗೆ ಹೋಗುವುದು ಎಂಬ ಎರಡು ಪ್ರಶ್ನೆಗಳಿಗೂ ಅದರಲ್ಲಿ ಉತ್ತರವಿದ್ದಿತು. ಆದರೆ ಪೆಟ್ರೋಲಿನ ಸಾಲಿನಲ್ಲಿ ನಿಂತು ಬೇಸತ್ತಿದ್ದ ಜನರಿಗೆ ಆ ಬೆಲೆ ಇನ್ನೂ ಏರಬೇಕೆಂಬ ಮಾತು ಹೇಗೆ ಹಿಡಿಸೀತು? ಮಾರ್ಚ್ ತಿಂಗಳಿನಲ್ಲಿ ಮ್ಯಾಸಚೂಸೆಟ್ಸ್, ವರ್‌ಮಾಂಟ್ ಎಂಬೆರಡು ಸಂಸ್ಥಾನಗಳಲ್ಲಿ ಗೆಲುವಿನ ಸಮೀಪಕ್ಕೆ ಬಂದರೂ, ಅವರು ಒಂದು ಪ್ರಾಥಮಿಕ ಚುನಾವಣೆಯನ್ನೂ ಗೆಲ್ಲಲಿಲ್ಲ. ಏಪ್ರಿಲಿನಲ್ಲಿ ಪಕ್ಷವನ್ನು ಬಿಟ್ಟು ಸ್ವತಂತ್ರರಾಗಿ ನಿಂತು, ನವೆಂಬರಿನಲ್ಲಿ ಶೇಕಡ ೭ಕ್ಕೂ ಕಡಿಮೆ ಮತಗಳನ್ನು ಪಡೆದರು.

೪. ಧ್ವನಿವರ್ಧಕದ ಕಥೆ

ಜನವರಿ ೨೧ರಂದು ಐಯೊವಾದಲ್ಲಿ ಗೆದ್ದವರು ಜಾರ್ಜ್ ಬುಷ್‌ರವರು. ಇವರು ಟೆಕ್ಸಸಿನಿಂದ ಪ್ರತಿನಿಧಿಸಭೆಯಲ್ಲಿದ್ದು, ಸಂಯುಕ್ತ ರಾಷ್ಟ್ರಸಂಸ್ಥೆಯಲ್ಲಿ ರಾಯಭಾರಿಯಾಗಿ ಕೆಲಸ ಮಾಡಿದವರು. ಹೀಗೆ ನ್ಯೂ ಹ್ಯಾಂಪ್‌ಷೈರಿನಲ್ಲಿ ರೇಗನ್, ಬುಷ್ ಇಬ್ಬರಿಗೂ ನೇರವಾದ ಹೋರಾಟವಾಯಿತು. ಫೆಬ್ರವರಿ ೨೩ರಂದು ನ್ಯಾಷುವಾ ಊರಿನ ಹೈಸ್ಕೂಲಿನ ವ್ಯಾಯಾಮಶಾಲೆಯಲ್ಲಿ ಇವರಿಬ್ಬರ ವಾದಸಭೆ ಏರ್ಪಟ್ಟಿತು. ಸ್ಥಳೀಯ ವರ್ತಮಾನಪತ್ರವೊಂದು ಅದನ್ನು ನಡೆಸಬೇಕೆಂದಿತ್ತು. ಇಬ್ಬರನ್ನೇ ಕರೆದರೆ ಅದು ಅವರಿಗೆ ಕೊಟ್ಟ ಕಾಯಿದೆಬಾಹಿರವಾದ ಸಹಾಯವಾಗುವುದೆಂಬ ಆಕ್ಷೇಪ ಬಂದುದರಿಂದ ರೇಗನ್‌ರವರ ಕಡೆಯವರೇ ಖರ್ಚನ್ನು ವಹಿಸಿಕೊಂಡರು. ಮತ್ತು ಬೇರೆ ನಾಲ್ವರು ಉಮೇದುವಾರರನ್ನೂ ಅಲ್ಲಿಗೆ ಕರೆದರು. ಬುಷ್‌ರವರು ಮೊದಲು ಒಪ್ಪಿದ ಕ್ರಮವೇ ಇರಲೆಂದರು. ರೇಗನ್‌ರವರು ಎದ್ದು ಕಾರಣ ಹೇಳತೊಡಗಿದಾಗ, ಸಭೆಯನ್ನು ನಡೆಸುತ್ತಿದ್ದ ಪತ್ರಿಕಾ ಸಂಪಾದಕರು ಅವರ ಧ್ವನಿವರ್ಧಕವನ್ನು ನಿಲ್ಲಿಸಿರೆಂದರು. ಈ ಧ್ವನಿವರ್ಧಕಕ್ಕೆ ಹಣ ಕೊಡುತ್ತಿರುವವನು ನಾನು ಎಂದು ರೇಗನ್‌ರವರು ಗರ್ಜಿಸಿದರು. ಸಭೆಯು ಚಪ್ಪಾಳೆಯಿಂದ ತುಂಬಿತು. ನಾಲ್ವರೂ ವೇದಿಕೆಯಿಂದ ಇಳಿದು ಹೋದರು. ಅನಂತರ ಇಬ್ಬರೇ ವಾದಿಸಿದರು.

ಮೂರು ದಿನಗಳ ಮೇಲೆ ನಡೆದ ಮತದಾನದಲ್ಲಿ ರೇಗನ್‌ರವರಿಗೆ ಸುಮಾರು ಶೇಕಡ ೫೦, ಬುಷ್‌ರವರಿಗೆ ಸುಮಾರು ಶೇಕಡ ೨೩ ಮತಗಳು ಬಿದ್ದುವು. ಈ ಗೆಲುವಿಗೆ ಬೇರೆ ಕಾರಣಗಳೂ ಇದ್ದುವು. ಎಲ್ಲವೂ ಒಂದು ವಾಕ್ಯದಿಂದಾಯಿತೆಂದು ಹೇಳಲಾಗದು. ಆದರೆ ಆ ಸಂಜೆಯನ್ನು ಇಂದಿಗೂ ನೆನೆಯುವವರು ಧ್ವನಿವರ್ಧಕವನ್ನು ನೆನೆಯುವರು. ಅದರ ಮೂಲಕ ತೆರಿಗೆಯ ವಿಷಯದಲ್ಲಿ ಏನನ್ನು ಹೇಳಿದರೆಂಬುದನ್ನು ನೆನೆಯುವವರು ಅತ್ಯಲ್ಪ. ರೇಗನ್‌ರವರ ಧೈರ್ಯವೂ ಸಮಯಸ್ಫೂರ್ತಿಯೂ ನಿಜವಾದ ಗುಣಗಳೇ. ಅಧ್ಯಕ್ಷನಾಗುವವನಿಗೆ ಅವೂ ಬೇಕು. ಆದರೂ ಧೈರ್ಯದಿಂದ ಹೇಳಿದ ಕೂಡಲೇ ಕೂಡಿಸಿದ ಮೊತ್ತ ಸರಿಯಾಗುವುದಿಲ್ಲ.

೫. ಮಾಟವೆಂದು ಕರೆದವರು ಮಾಟಗಾರನ ಜೊತೆಯಾದುದು

೧೯೮೦ರ ಏಪ್ರಿಲಿನಲ್ಲಿ ಬುಷ್‌ರವರು ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಮಾತನಾಡುತ್ತ, ರೇಗನ್‌ರವರ ಯೋಜನೆಯನ್ನು ವೂಡೂ ಅರ್ಥನೀತಿ ಎಂದು ಕರೆದರು. ವೂಡೂ ಎಂಬುದು ಹೈತಿ ದೇಶದ ಒಂದು ಮತಾಚಾರದ ಹೆಸರು. ಅಮೆರಿಕದ ಆಡುಮಾತಿನಲ್ಲಿ ಅದನ್ನು ಮಾಟಮಂತ್ರವೆಂಬ ಅರ್ಥದಲ್ಲಿ ಬಳಸುವುದುಂಟು. ಅಷ್ಟು ದೊಡ್ಡ ತೆರಿಗೆಯಿಳಿತವು ಕೊರತೆಯನ್ನೂ ಬೆಲೆಯೇರಿಕೆಯನ್ನೂ ಹೆಚ್ಚಿಸುವುದೆಂಬುದು ಬುಷ್‌ರವರ ವಾದ. ಆ ತಿಂಗಳಿನಲ್ಲಿ ಅವರು ಪೆನ್ಸಿಲ್ವೇನಿಯ ಸಂಸ್ಥಾನವನ್ನು ಗೆದ್ದರು. ಏಪ್ರಿಲ್ ೨೩ರಂದು ಹ್ಯೂಸ್ಟನ್ ನಗರದಲ್ಲಿ ಇವರಿಬ್ಬರೂ ಮತ್ತೆ ಎದುರೆದುರಾಗಿ ಕುಳಿತು ವಾದಿಸಿದರು.

ಆದರೆ ಜುಲೈ ತಿಂಗಳಿನಲ್ಲಿ ಡೆಟ್ರಾಯಿಟಿನ ಮಹಾಸಭೆಯಲ್ಲಿ ರೇಗನ್‌ರವರೇ ಪಕ್ಷದ ಉಮೇದುವಾರರಾಗಿ, ಬುಷ್‌ರವರನ್ನು ಉಪಾಧ್ಯಕ್ಷಪದವಿಗೆ ಆರಿಸಿಕೊಂಡರು. ಅಂದಿನಿಂದ ಬುಷ್‌ರವರು ಆ ಯೋಜನೆಯ ಸಮರ್ಥಕರಾದರು. ೧೯೮೨ರಲ್ಲಿ ಅವರು ತಾವು ಅಂಥ ಮಾತನ್ನು ಆಡಲಿಲ್ಲವೆಂದರು. ದೂರದರ್ಶನದವರು ಹಳೆಯ ಚಿತ್ರವನ್ನು ಹುಡುಕಿ ತೆಗೆದು ಜನರಿಗೆ ತೋರಿಸಿದರು. ಸಭೆಯಲ್ಲಿ ಆಡಿದ ಮಾತು ಗಾಳಿಗೆ ಹೋಗುವುದೆಂಬುದು ಹಳೆಯ ಕಾಲದ ನಂಬಿಕೆ. ಈ ಕಾಲದಲ್ಲಿ ಅದು ಕಾದಿಟ್ಟ ಪತ್ರದಂತೆ ಉಳಿಯುವುದು.

೬. ಲೆಕ್ಕದ ಪುಸ್ತಕ ಏನು ಹೇಳುತ್ತದೆ?

ರೇಗನ್‌ರವರು ನವೆಂಬರಿನಲ್ಲಿ ಗೆದ್ದರು. ೧೯೮೧ರ ಆಗಸ್ಟಿನಲ್ಲಿ ತೆರಿಗೆಯ ಕಾಯಿದೆ ಆಯಿತು. ದರಗಳು ಮೂರು ವರ್ಷಗಳಲ್ಲಿ ಒಟ್ಟು ಶೇಕಡ ೨೩ರಷ್ಟು ಇಳಿದುವು. ಅತ್ಯುನ್ನತ ದರವು ೭೦ರಿಂದ ೫೦ಕ್ಕೆ ಬಂದಿತು. ಬೆಲೆಯೇರಿದಂತೆ ಮೆಟ್ಟಿಲುಗಳನ್ನೂ ಏರಿಸಬೇಕೆಂಬ ನಿಯಮವು ೧೯೮೫ರಿಂದ ಜಾರಿಗೆ ಬಂದು, ಮೇಲೆ ಹೇಳಿದ ಅನ್ಯಾಯವು ನೀಗಿತು. ಇದು ಒಳ್ಳೆಯ ಕೆಲಸ. ಬೆಲೆಯೇರಿಕೆಯು ೧೯೮೩ರ ಹೊತ್ತಿಗೆ ಶೇಕಡ ೩ರ ಸಮೀಪಕ್ಕೆ ಇಳಿಯಿತು. ಆದರೆ ಅದು ಇಳಿದುದು ಮುಖ್ಯವಾಗಿ ವೋಲ್ಕರ್‌ರವರ ಬಿಗಿಯಿಂದ. ಆ ಬಿಗಿಯ ಬೆಲೆಯನ್ನು ಕೆಲಸ ಕಳೆದುಕೊಂಡವರು ತೆತ್ತರು. ೧೯೮೨ರ ಕೊನೆಯಲ್ಲಿ ಕೆಲಸಗಾರರಲ್ಲಿ ಶೇಕಡ ೧೦.೮ ಮಂದಿಗೆ ಉದ್ಯೋಗವಿರಲಿಲ್ಲ. ೧೯೮೩ರಿಂದ ದೇಶವು ಚೇತರಿಸಿಕೊಂಡು ಚೆನ್ನಾಗಿ ಬೆಳೆಯಿತು. ೧೯೮೪ರಲ್ಲಿ ರೇಗನ್‌ರವರು ೫೦ ಸಂಸ್ಥಾನಗಳಲ್ಲಿ ೪೯ನ್ನು ಗೆದ್ದರು.

ಬೊಕ್ಕಸದ ಕಡೆಗೆ ನೋಡಿದರೆ ಬೇರೊಂದು ಚಿತ್ರವು ಕಾಣುವುದು. ಸೈನ್ಯದ ವೆಚ್ಚವು ೧೯೮೦ರಲ್ಲಿ ಸುಮಾರು ೧೩,೪೦೦ ಕೋಟಿ ಡಾಲರ್ ಇದ್ದುದು ೧೯೮೮ರಲ್ಲಿ ಸುಮಾರು ೨೯,೦೦೦ ಕೋಟಿ ಆಯಿತು. ವರ್ಷದ ಕೊರತೆಯು ೧೯೮೦ರಲ್ಲಿ ಸುಮಾರು ೭,೪೦೦ ಕೋಟಿ ಇದ್ದುದು ೧೯೮೩ರಲ್ಲಿ ಸುಮಾರು ೨೦,೮೦೦ ಕೋಟಿಗೆ ಏರಿತು. ಕೊರತೆಯನ್ನು ಕಂಡು ೧೯೮೨ರಲ್ಲಿಯೇ ರೇಗನ್‌ರವರು ಕೆಲವು ತೆರಿಗೆಗಳನ್ನು ಮತ್ತೆ ಏರಿಸುವ ಕಾಯಿದೆಗೆ ಸಹಿ ಹಾಕಬೇಕಾಯಿತು. ರಾಷ್ಟ್ರದ ಒಟ್ಟು ಸಾಲವು ೧೯೮೧ರ ಸೆಪ್ಟೆಂಬರಿನಲ್ಲಿ ಸುಮಾರು ಒಂದು ಲಕ್ಷ ಕೋಟಿ ಡಾಲರ್. ೧೯೮೮ರ ಸೆಪ್ಟೆಂಬರಿನಲ್ಲಿ ಸುಮಾರು ೨.೬ ಲಕ್ಷ ಕೋಟಿ. ಮೂರು ವಾಗ್ದಾನಗಳಲ್ಲಿ ಎರಡು ನೆರವೇರಿದುವು, ಮೂರನೆಯದು ನೆರವೇರಲಿಲ್ಲ. ಆ್ಯಂಡರ್‌ಸನ್‌ರವರು ಡೆ ಮೊಯಿನಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರವು ಸಾಲಪತ್ರದ ರೂಪದಲ್ಲಿ ಬಂದಿತು.

೭. ಒಂದು ಕಾಗದ, ಒಂದು ಪ್ರತಿಜ್ಞೆ

ಎಂಟು ವರ್ಷಗಳು ಕಳೆದು ೧೯೮೮ ಬಂದಿತು. ಈ ಸಲ ಬುಷ್‌ರವರೇ ಅಧ್ಯಕ್ಷಪದವಿಯನ್ನು ಬಯಸಿದರು. ಐಯೊವಾದಲ್ಲಿ ಅವರು ಮೂರನೆಯವರಾಗಿ ಬಿದ್ದರು. ಗೆದ್ದವರು ಕ್ಯಾನ್ಸಸಿನ ಸೆನೆಟರಾದ ಬಾಬ್ ಡೋಲ್‌ರವರು. ನ್ಯೂ ಹ್ಯಾಂಪ್‌ಷೈರಿನ ಮತದಾನಕ್ಕೆ ಎರಡು ದಿನ ಮುಂಚೆ ನಡೆದ ವಾದಸಭೆಯಲ್ಲಿ ಮತ್ತೊಬ್ಬ ಉಮೇದುವಾರರಾದ ಪೀಟ್ ಡ್ಯುಪಾಂಟ್‌ರವರು ಒಂದು ಕಾಗದವನ್ನು ಡೋಲ್‌ರವರ ಕೈಗೆ ನೀಡಿ ಸಹಿ ಮಾಡಿರೆಂದರು. ತೆರಿಗೆಯ ದರಗಳನ್ನು ಏರಿಸಲಾರೆನೆಂಬ ಪ್ರತಿಜ್ಞೆ ಅದರಲ್ಲಿದ್ದಿತು. ಡೋಲ್‌ರವರು ಸಹಿ ಮಾಡಲಿಲ್ಲ. ಕೊರತೆಯ ಭಾರವನ್ನು ಬಲ್ಲ ಸೆನೆಟರಿಗೆ ಅಂಥ ಪ್ರತಿಜ್ಞೆ ಸುಲಭವಾಗಿರಲಿಲ್ಲ. ಅದೇ ವಾರ ಬುಷ್‌ರವರ ಕಡೆಯವರು ದೂರದರ್ಶನದ ಜಾಹೀರಾತುಗಳಲ್ಲಿ, ಡೋಲ್‌ರವರು ತೆರಿಗೆಯ ವಿಷಯದಲ್ಲಿ ಎರಡು ದೋಣಿಯ ಮೇಲೆ ಕಾಲಿಟ್ಟವರೆಂದು ಸಾರಿದರು. ಬುಷ್‌ರವರು ಗೆದ್ದರು. ಆಗಸ್ಟಿನ ಮಹಾಸಭೆಯಲ್ಲಿ ಹೊಸ ತೆರಿಗೆಗಳಿಲ್ಲವೆಂಬ ಪ್ರತಿಜ್ಞೆಯನ್ನು, ನನ್ನ ತುಟಿಗಳನ್ನು ನೋಡಿ ಓದಿಕೊಳ್ಳಿರಿ ಎಂಬ ಒತ್ತಿನೊಡನೆ ದೇಶಕ್ಕೆಲ್ಲ ಹೇಳಿ ಅಧ್ಯಕ್ಷರಾದರು. ಹೀಗೆ ಒಮ್ಮೆ ಮಾಟವೆಂದು ಕರೆದುದನ್ನೇ ಅವರು ಈಗ ಮಂತ್ರವಾಗಿ ಪಠಿಸಿದರು.

ಆದರೆ ಸಾಲಕ್ಕೆ ತುಟಿಗಳನ್ನು ಓದಲು ಬಾರದು. ೧೯೯೦ರಲ್ಲಿ ಕೊರತೆಯು ಸುಮಾರು ೨೨,೧೦೦ ಕೋಟಿ ಡಾಲರಿಗೆ ಮುಟ್ಟಿತು. ಬುಷ್‌ರವರು ಎದುರುಪಕ್ಷದವರೊಡನೆ ಕುಳಿತು ಒಂದು ಒಪ್ಪಂದವನ್ನು ಮಾಡಿಕೊಂಡರು. ಆ ನವೆಂಬರಿನ ಕಾಯಿದೆಯಿಂದ ಅತ್ಯುನ್ನತ ತೆರಿಗೆಯ ದರವು ೨೮ರಿಂದ ೩೧ಕ್ಕೆ ಏರಿತು. ವೆಚ್ಚಕ್ಕೂ ಮಿತಿಗಳನ್ನು ಹಾಕಲಾಯಿತು. ಆ ಕಾಯಿದೆಯಲ್ಲಿ ಒಂದು ಮುಖ್ಯವಾದ ನಿಯಮವಿದ್ದಿತು: ತೆರಿಗೆಯನ್ನಿಳಿಸುವವನಾಗಲಿ, ಹೊಸ ಸವಲತ್ತನ್ನು ಕೊಡುವವನಾಗಲಿ, ಅದಕ್ಕೆ ತಕ್ಕ ಹಣವನ್ನು ಬೇರೆಡೆಯಿಂದ ತೋರಿಸಬೇಕು. ವಾದಸಭೆಯಲ್ಲಿ ಕೇಳದೆ ಬಿಟ್ಟ ಪ್ರಶ್ನೆಯೇ ಹತ್ತು ವರ್ಷಗಳ ಮೇಲೆ ಕಾಯಿದೆಯಾಯಿತು. ಈ ನಿಯಮವು ೨೦೦೨ರ ವರೆಗೆ ನಡೆಯಿತು. ೧೯೯೦ರ ಕಾಯಿದೆ, ೧೯೯೩ರ ಮತ್ತೊಂದು ಕಾಯಿದೆ, ದೇಶದ ಬೆಳವಣಿಗೆ ಇವೆಲ್ಲ ಸೇರಿ ೧೯೯೮ರಿಂದ ೨೦೦೧ರ ವರೆಗೆ ನಾಲ್ಕು ವರ್ಷ ಬೊಕ್ಕಸದಲ್ಲಿ ಕೊರತೆಗೆ ಬದಲಾಗಿ ಉಳಿತಾಯವೇ ಕಂಡುಬಂದಿತು.

ಬುಷ್‌ರವರಿಗೆ ದೊರೆತ ಫಲವಾದರೋ ಬೇರೆ. ೧೯೯೨ರ ಫೆಬ್ರವರಿಯಲ್ಲಿ ನ್ಯೂ ಹ್ಯಾಂಪ್‌ಷೈರಿನ ಪ್ರಾಥಮಿಕ ಚುನಾವಣೆಯಲ್ಲಿ ಅವರದೇ ಪಕ್ಷದ ಪ್ಯಾಟ್ ಬುಕ್ಯಾನನ್‌ರವರು, ಕೊಟ್ಟ ಮಾತನ್ನು ಮುರಿದವರೆಂದು ಅವರನ್ನು ಹಳಿದು ಶೇಕಡ ೩೭ ಮತಗಳನ್ನು ಪಡೆದರು. ನವೆಂಬರಿನಲ್ಲಿ ಬುಷ್‌ರವರು ಬಿಲ್ ಕ್ಲಿಂಟನ್‌ರವರಿಗೆ ಸೋತರು. ಆ ಸೋಲಿಗೆ ಆ ವರ್ಷಗಳ ವ್ಯಾಪಾರದ ಮುಗ್ಗಟ್ಟೂ ಕಾರಣವಾಗಿದ್ದಿತು. ಬಹುಕಾಲದ ಮೇಲೆ, ೨೦೧೪ರಲ್ಲಿ, ೧೯೯೦ರ ಒಪ್ಪಂದದಲ್ಲಿ ತೋರಿದ ಧೈರ್ಯಕ್ಕಾಗಿ ಕೆನೆಡಿಯವರ ಸ್ಮಾರಕವಾದ ಧೈರ್ಯ ಪುರಸ್ಕಾರವನ್ನು ಅವರಿಗೆ ಕೊಡಲಾಯಿತು.

೮. ಕೇಳುವವರ ಹೊಣೆ

ಈ ಕಥೆಯಿಂದ ಒಬ್ಬರನ್ನು ಒಳ್ಳೆಯವರೆಂದೂ ಮತ್ತೊಬ್ಬರನ್ನು ಕೆಟ್ಟವರೆಂದೂ ತೀರ್ಮಾನಿಸುವುದು ಸುಲಭ. ಅದು ನನ್ನ ಉದ್ದೇಶವಲ್ಲ. ಇಲ್ಲಿ ಪರೀಕ್ಷೆಗೆ ನಿಂತವರು ಮಾತನಾಡಿದವರು ಮಾತ್ರವಲ್ಲ, ಕೇಳಿದವರೂ ಹೌದು. ಬೆಲೆಯನ್ನು ಹೇಳಿದ ಆ್ಯಂಡರ್‌ಸನ್‌ರವರಿಗೆ ಮತ ಬೀಳಲಿಲ್ಲ. ಸಹಿ ಮಾಡಲೊಲ್ಲದ ಡೋಲ್‌ರವರು ಸೋತರು. ಪ್ರತಿಜ್ಞೆ ಮಾಡಿದವರು ಗೆದ್ದರು. ಅದನ್ನು ಮುರಿದು ಲೆಕ್ಕವನ್ನು ಸರಿಪಡಿಸಲು ಹೊರಟಾಗ ದಂಡ ತೆತ್ತರು. ಜನರು ಯಾವುದಕ್ಕೆ ಚಪ್ಪಾಳೆ ತಟ್ಟುವರೋ ಅದನ್ನೇ ಉಮೇದುವಾರರು ಕಲಿಯುವರು. ಮಗುವು ಅತ್ತಾಗಲೆಲ್ಲ ಬೆಲ್ಲ ಕೊಟ್ಟ ತಾಯಿ, ಮಗು ಬೆಲ್ಲಕ್ಕಾಗಿ ಅಳುತ್ತದೆಂದು ದೂರುವುದು ನ್ಯಾಯವೇ? ಇದೇ ಈ ಪಾಠದ ಸಾರ.

ಲೂಕನ ಸುವಾರ್ತೆಯ ೧೪ನೆಯ ಅಧ್ಯಾಯದಲ್ಲಿ, ಗೋಪುರವನ್ನು ಕಟ್ಟಹೊರಟವನ ವಿಷಯವಾಗಿ ನಮ್ಮ ಕರ್ತನು ಹೇಳಿದ ದೃಷ್ಟಾಂತವು ನಿಮಗೆ ಪರಿಚಿತವಾದುದೇ. ಅಸ್ತಿವಾರಕ್ಕೆ ಮುಂಚೆ ಲೆಕ್ಕವಿರಬೇಕೆಂಬುದು ಅದರ ಒಂದು ಬೋಧೆ. ನಮ್ಮ ಹಿರಿಯರೂ ಹಾಸಿಗೆಯನ್ನು ನೋಡಿ ಕಾಲು ಚಾಚೆಂದರು. ರಾಷ್ಟ್ರವು ಮನೆಯಂತೆಯೇ ಅಲ್ಲ, ನಿಜ. ಅದು ಕಷ್ಟಕಾಲದಲ್ಲಿ ಸಾಲ ಮಾಡಿ ಜನರನ್ನು ಸಲಹಬೇಕಾಗುವುದು, ಆ ಸಾಲವನ್ನು ಬಹುಕಾಲ ಹೊರಲೂ ಬಲ್ಲುದು. ಆದರೆ ಸಾಲವನ್ನು ಸಾಲವೆಂದು ಹೇಳಿ ಮಾಡುವುದು ಬೇರೆ, ವರಮಾನವೆಂದು ಹೇಳಿ ಮಾಡುವುದು ಬೇರೆ.

ಆದುದರಿಂದ ಅರ್ಥನೀತಿಯ ವಾಗ್ವಾದವನ್ನು ಕೇಳುವಾಗ ನಾಲ್ಕು ಪ್ರಶ್ನೆಗಳನ್ನು ಕೈಯಲ್ಲಿಟ್ಟುಕೊಳ್ಳಿರಿ. ಮೊದಲನೆಯದು: ಇದಕ್ಕೆ ಹಣ ಎಲ್ಲಿಂದ? ಎರಡನೆಯದು: ಎಷ್ಟು, ಎಷ್ಟು ವರ್ಷಗಳಲ್ಲಿ? ಮೂರನೆಯದು: ಲಾಭ ಯಾರಿಗೆ, ಭಾರ ಯಾರಿಗೆ? ನಾಲ್ಕನೆಯದು: ನೀವು ಎಣಿಸಿದಂತೆ ಆಗದಿದ್ದರೆ ಏನು ಮಾಡುವಿರಿ? ಈ ನಾಲ್ಕನ್ನೂ ಕೇಳಿದ ಮೇಲೆ ನಿಮ್ಮ ಮನಸ್ಸು ಯಾವ ಕಡೆಗೆ ಒಲಿದರೂ ಒಲಿಯಲಿ. ವಿಚಾರಿಸಿ ಹಾಕಿದ ಮತ ಅದಾಗುವುದು.

ಬಾಲಿಕೆಯರ ಶಾಲೆಯಲ್ಲಿ ಇನ್ನೊಂದು ಮಾತನ್ನು ಹೇಳದಿರಲಾರೆ. ೧೯೮೦ರ ಹ್ಯೂಸ್ಟನ್ ವಾದಸಭೆಯನ್ನು ನಡೆಸಿದವರು ಸ್ತ್ರೀಯರು. ಅಮೆರಿಕದ ಸ್ತ್ರೀಯರಿಗೆ ರಾಷ್ಟ್ರದಾದ್ಯಂತ ಮತದ ಹಕ್ಕು ದೊರೆತ ೧೯೨೦ರಲ್ಲಿಯೇ ಕ್ಯಾರಿ ಚ್ಯಾಪ್‌ಮನ್ ಕ್ಯಾಟ್‌ರವರು ಸ್ಥಾಪಿಸಿದ ಮತದಾರ ಸ್ತ್ರೀಯರ ಸಂಘವದು. ಹಕ್ಕು ಬಂದರೆ ಸಾಲದು, ತಿಳಿದು ಮತ ಹಾಕುವುದನ್ನು ಕಲಿಸಬೇಕೆಂಬುದು ಅವರ ಧ್ಯೇಯ. ೧೯೭೬, ೧೯೮೦, ೧೯೮೪ ಈ ಮೂರು ವರ್ಷಗಳಲ್ಲಿ ಅಧ್ಯಕ್ಷಪದವಿಯ ಕೊನೆಯ ವಾದಸಭೆಗಳನ್ನೂ ಅವರೇ ನಡೆಸಿದರು. ೧೯೮೮ರ ಅಕ್ಟೋಬರಿನಲ್ಲಿ, ಎರಡು ಪಕ್ಷದವರೂ ತಮ್ಮತಮ್ಮಲ್ಲೇ ಸೇರಿ ಪ್ರಶ್ನೆ ಕೇಳುವವರಿಂದ ಹಿಡಿದು ಸಭಿಕರ ವರೆಗೆ ಎಲ್ಲವನ್ನೂ ಮೊದಲೇ ಗೊತ್ತುಮಾಡಿಕೊಂಡು ಬಂದಾಗ, ಇದು ಮತದಾರರಿಗೆ ಮಾಡುವ ವಂಚನೆ ಎಂದು ಹೇಳಿ ಆ ಸಂಘದವರು ವಾದಸಭೆಯನ್ನು ನಡೆಸುವುದನ್ನೇ ಬಿಟ್ಟುಕೊಟ್ಟರು. ವೇದಿಕೆಯನ್ನು ಹಾಕುವ ಗೌರವಕ್ಕಿಂತಲೂ ಪ್ರಶ್ನೆ ಕೇಳುವ ಸ್ವಾತಂತ್ರ್ಯವು ದೊಡ್ಡದೆಂಬುದನ್ನು ಅವರು ತೋರಿಸಿಕೊಟ್ಟರು. ನಮ್ಮ ಶಾಲೆಯಿಂದ ಹೊರಡುವ ಹೆಣ್ಣುಮಕ್ಕಳಲ್ಲಿ ಒಳ್ಳೆಯ ವಾಗ್ಮಿಗಳು ಹುಟ್ಟಲಿ. ಒಳ್ಳೆಯ ಪ್ರಶ್ನೆ ಕೇಳುವವರು ಅದಕ್ಕಿಂತ ಹೆಚ್ಚಾಗಿ ಹುಟ್ಟಲಿ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

೧. ಬೆಲೆಗಳು ಏರುವಾಗ, ಹೊಸ ತೆರಿಗೆ ಹಾಕದೆಯೇ ಕೆಲಸಗಾರನ ತೆರಿಗೆ ಏರುವುದು ಹೇಗೆ? ಒಂದು ಉದಾಹರಣೆಯಿಂದ ವಿವರಿಸಿರಿ.

೨. ಒಂದು ಊರಿನ ಆದಾಯ ೧೦೦ ರೂಪಾಯಿ. ತೆರಿಗೆಯ ದರ ಶೇಕಡ ೪೦. ದರವನ್ನು ೩೨ಕ್ಕೆ ಇಳಿಸಿದರೆ, ಬೊಕ್ಕಸಕ್ಕೆ ಮೊದಲಿನಷ್ಟೇ ಹಣ ಬರಲು ಊರಿನ ಆದಾಯ ಎಷ್ಟಾಗಬೇಕು?

೩. ರೇಗನ್‌ರವರ ಮೂರು ವಾಗ್ದಾನಗಳು ಯಾವುವು? ಅವುಗಳಲ್ಲಿ ನೆರವೇರದೆ ಉಳಿದುದು ಯಾವುದು? ಅವರ ಪರವಾಗಿ ಹೇಳತಕ್ಕ ಎರಡು ಮಾತುಗಳನ್ನೂ ಬರೆಯಿರಿ.

೪. ೧೯೯೦ರಲ್ಲಿ ಬುಷ್‌ರವರು ಕೊಟ್ಟ ಮಾತಿಗೆ ನಿಲ್ಲಬೇಕಾಗಿತ್ತೇ, ಲೆಕ್ಕವನ್ನು ಸರಿಪಡಿಸಬೇಕಾಗಿತ್ತೇ? ಚರ್ಚಾಕೂಟದಲ್ಲಿ ಎರಡು ಕಡೆಯಿಂದಲೂ ವಾದಿಸಿರಿ.

೫. ನಿಮ್ಮ ಊರಿನ ಪಂಚಾಯಿತಿಯ ಅಥವಾ ಪುರಸಭೆಯ ಚುನಾವಣೆಯಲ್ಲಿ ಕೇಳಿಬಂದ ಒಂದು ವಾಗ್ದಾನವನ್ನು ತೆಗೆದುಕೊಂಡು, ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳಿಂದ ಪರೀಕ್ಷಿಸಿರಿ.